ಕೋಕಿಲಾಬೆನ್ ಸಾಕಿದ ಹಿಟ್ಟು

ಕೆಲಸವಿಲ್ಲದೆ ಒಂದು ವಸ್ತುವನ್ನು ಸುಮ್ಮನೆ ನೋಡುತ್ತಾ ಕೂರುವವನಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಸಮುದ್ರವನ್ನು ನೋಡುತ್ತಾ ಕೂತರೆ ರಸಿಕ ಎನ್ನುತ್ತಾರೆ, ದೇವರ ಪಟವನ್ನು ನೋಡುತ್ತಾ ಕೂತರೆ ಭಕ್ತ ಎನ್ನುತ್ತಾರೆ. ನಾನು ಬೋಡಕ್‌ದೇವ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಭಾನುವಾರದ ಮಧ್ಯಾಹ್ನ, ಗಾಜಿನ ಜಾಡಿಯೊಳಗಿನ ಹಿಟ್ಟನ್ನು ನೋಡುತ್ತಾ ಕೂರುತ್ತೇನೆ. ಇಂಥವನಿಗೆ ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಹೊರಗೆ ಬಿಸಿಲಿಗೆ ಅಹಮದಾಬಾದೇ ಬಾಗಿಲು ಹಾಕಿಕೊಂಡು ಮಲಗಿರುತ್ತದೆ, ಪಾರಿವಾಳಗಳೂ ಎ.ಸಿ. ಪೆಟ್ಟಿಗೆಯ ನೆರಳಿನಲ್ಲಿ ಕಣ್ಣು ಮುಚ್ಚಿರುತ್ತವೆ. ಜಾಡಿಯೊಳಗೆ ಮಾತ್ರ ಒಂದು ಗುಳ್ಳೆ ತಳದಿಂದ ಮೆಲ್ಲಗೆ ಹೊರಟು, ದಾರಿಯಲ್ಲಿ ಇನ್ನೊಂದನ್ನು ಕೂಡಿಕೊಂಡು, ಮೇಲೆ ಬಂದು, ಯಾರಿಗೂ ತೊಂದರೆ ಕೊಡದೆ ಒಡೆಯುತ್ತದೆ. ಆಮೇಲೆ ಮತ್ತೊಂದು. ನೋಡುತ್ತಾ ನೋಡುತ್ತಾ ನನಗೆ ಕಚೇರಿ, ಬಾರದ ಬಡ್ತಿ, ಮಂಡಿನೋವು ಎಲ್ಲ ಮರೆತುಹೋಗುತ್ತವೆ. ಒಮ್ಮೊಮ್ಮೆ ಅಲ್ಲೇ ತೂಕಡಿಕೆಯೂ ಬರುತ್ತದೆ.

ಇದು ಬ್ರೆಡ್ಡಿಗೆ ಹಾಕುವ ಹೆಪ್ಪು. ತಿಳಿದವರು ಸೋರ್‌ಡೋ ಸ್ಟಾರ್ಟರ್ ಎನ್ನುತ್ತಾರೆ. ಇರುವುದು ಬರೀ ಗೋಧಿ ಹಿಟ್ಟು ಮತ್ತು ನೀರು. ಆದರೆ ದಿನವೂ ಉಣಿಸುತ್ತಿದ್ದರೆ ತಲೆಮಾರುಗಟ್ಟಲೆ ಬದುಕುತ್ತದೆ. ಚಿತ್ರದುರ್ಗದ ಕಡೆಯವನಾದ ನನಗೆ ಬ್ರೆಡ್ ಎಂದರೆ ಜ್ವರ ಬಂದಾಗ ಹಾಲಿನಲ್ಲಿ ಅದ್ದಿಕೊಡುವ ಔಷಧ ಎಂದಷ್ಟೇ ಗೊತ್ತಿತ್ತು. ಈ ಹುಚ್ಚು ಹತ್ತಿಸಿದವರು ವಡೋದರಾದ ಸ್ಟೆಲ್ಲಾ ಟೀಚರ್. ಮಂಗಳೂರಿನವರು, ವಡೋದರಾ ಹತ್ತಿರದ ಕೊಯಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಈಗ ನಿವೃತ್ತರಾಗಿ ಊರೊಳಗೆ ಅಲ್ಕಾಪುರಿಯಲ್ಲಿ ಒಬ್ಬರೇ ಇದ್ದಾರೆ. ಕನ್ನಡದವರೆಲ್ಲ ಸೇರಿದ ಒಂದು ಯುಗಾದಿ ಊಟದಲ್ಲಿ ಪರಿಚಯವಾಯಿತು. ಅವರ ಅಮ್ಮ ಶೇಂದಿ ಹಾಕಿ ಮೊದಲ ಸಲ ಎಬ್ಬಿಸಿದ ಹಿಟ್ಟಂತೆ, ಮದುವೆಯಾಗಿ ಗುಜರಾತಿಗೆ ಹೊರಟ ಮಗಳ ಜೊತೆ ರೈಲು ಹತ್ತಿಸಿದರಂತೆ. ಶೇಂದಿಯ ವಂಶದಲ್ಲಿ ಹುಟ್ಟಿದ್ದು ಪಾನನಿಷೇಧದ ರಾಜ್ಯದಲ್ಲಿ ಇಷ್ಟು ವರ್ಷ ಯಾವ ಪೊಲೀಸರ ಕಣ್ಣಿಗೂ ಬೀಳದೆ ಸಂಸಾರ ಮಾಡಿಕೊಂಡಿದೆ ಎಂದು ಟೀಚರಿಗೆ ಬಲು ಹೆಮ್ಮೆ. ಅವರು ಅದನ್ನು ಕರೆಯುವುದೇ ‘ಅಮ್ಮನ ಹಿಟ್ಟು’ ಎಂದು. ನನಗೆ ಒಂದು ಚಮಚ ಕೊಡುವಾಗ ಹೆಣ್ಣು ಒಪ್ಪಿಸಿಕೊಡುವಂತೆ ಕೊಟ್ಟರು.

ಇದರಲ್ಲಿ ಇರುವ ರಗಳೆ ಒಂದೇ. ದಿನವೂ ಅರ್ಧ ತೆಗೆದು ಚೆಲ್ಲಿ, ಉಳಿದ ಅರ್ಧಕ್ಕೆ ಹೊಸ ಹಿಟ್ಟು, ನೀರು ಹಾಕಬೇಕು. ಇಲ್ಲದಿದ್ದರೆ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯುತ್ತದೆ. ದೀಪಾವಳಿಗೆ ಸ್ವಲ್ಪ ಮುಂಚೆ ಸೂರತ್‌ನಲ್ಲಿ ಓದುತ್ತಿರುವ ಮಗಳಿಗೆ ಜೋರು ಜ್ವರ ಬಂದು, ನಾವಿಬ್ಬರೂ ಉಟ್ಟ ಬಟ್ಟೆಯಲ್ಲೇ ಎನ್ನುವ ಹಾಗೆ ಹೊರಟೆವು. ನಾನು ಜಾಡಿಯನ್ನು ಎದುರು ಮನೆಯ ಕೋಕಿಲಾಬೆನ್ ಕೈಗೆ ಕೊಟ್ಟು, ನನ್ನ ಮುರುಕು ಗುಜರಾತಿಯಲ್ಲಿ, ಇದಕ್ಕೆ ಜೀವ ಇದೆ, ದಿನಾ ಅರ್ಧ ಹೊರಗೆ ತೆಗೆದು ಉಳಿದದ್ದಕ್ಕೆ ಊಟ ಹಾಕಿ ಎಂದು ಹೇಳಿದೆ. ಕೋಕಿಲಾಬೆನ್ ಕಟ್ಟಾ ಜೈನರು. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ, ಆಲೂಗೆಡ್ಡೆ ಮನೆಯೊಳಗೆ ಬರುವುದಿಲ್ಲ, ನೆಲದ ಮೇಲೆ ಇರುವೆ ಸಾಲು ಕಂಡರೆ ದಾರಿ ಬಿಟ್ಟು ನಡೆಯುತ್ತಾರೆ. ಅಂಥವರ ಕೈಗೆ ಹುಳಿ ಬಂದ ಹಿಟ್ಟು ಕೊಟ್ಟು, ಮೇಲೆ ಜೀವ ಇದೆ ಎಂದು ಹೇಳಿ ಬಂದ ನನ್ನ ಬುದ್ಧಿಗೆ ಏನನ್ನಬೇಕೋ!

ಸೂರತ್‌ನಲ್ಲಿದ್ದಾಗಲೇ ಟೀಚರ್ ಫೋನ್ ಬಂತು. ದೀಪಾವಳಿಗೆ ಮನೆ ತೊಳೆಸುವ ಗಡಿಬಿಡಿಯಲ್ಲಿ ಕೆಲಸಕ್ಕೆ ಬಂದ ಯಾರೋ ಹಳಸಿದ ಹಿಟ್ಟೆಂದು ಚೆಲ್ಲಿ, ಅವರ ಜಾಡಿಯನ್ನು ಫಳಫಳ ಬೆಳಗಿ ಬೋರಲು ಹಾಕಿದ್ದರು. ಆ ಗಟ್ಟಿ ಹೆಂಗಸು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಿಮ್ಮ ಹತ್ತಿರ ಉಂಟಲ್ಲ ಮಾರಾಯ್ರೆ? ಉಂಟು ಅಂತ ಹೇಳಿ, ಸಾಕು” ಎಂದರು. ಫ್ರಿಜ್ಜಿನಲ್ಲಿ ಒಂದು ಡಬ್ಬಿ ಎತ್ತಿಟ್ಟಿದ್ದೇನೆ, ಎದುರು ಮನೆಯಲ್ಲೂ ಒಂದಿದೆ, ನೀವು ಬಂದು ತೆಗೆದುಕೊಂಡು ಹೋಗಿ ಎಂದು ದೊಡ್ಡ ಸಾಹುಕಾರನ ಹಾಗೆ ಧೈರ್ಯ ಹೇಳಿದೆ. ಮಗಳು ಚೇತರಿಸಿಕೊಂಡು ನಾವು ಮರಳುವಾಗ, ರೈಲು ನರ್ಮದೆಯನ್ನು ದಾಟುತ್ತಿತ್ತು. ಸಂಜೆಯ ನೀರು ಅಲ್ಲಾಡದೆ ಮಲಗಿತ್ತು. ಮಂಗಳೂರಿನ ಯಾವುದೋ ಅಡುಗೆಮನೆಯಲ್ಲಿ ಎದ್ದ ಗುಳ್ಳೆಯೊಂದು ಇದೇ ನದಿಯನ್ನು ದಾಟಿ ಬಂದಿತ್ತಲ್ಲ ಎಂದು ಯೋಚಿಸುತ್ತಾ ನನಗೆ ಕಣ್ಣು ಎಳೆಯಿತು. ನಿದ್ದೆಯಲ್ಲಿ ನದಿಯೇ ಮೆಲ್ಲಗೆ ಉಬ್ಬುತ್ತಿತ್ತು.

ಮನೆಗೆ ಬಂದು ನೋಡಿದರೆ, ಹೊರಡುವಾಗ ಹೆಂಡತಿ ಜಾಗ್ರತೆಯಿಂದ ಮೇನ್ ಸ್ವಿಚ್ಚನ್ನೇ ಆರಿಸಿದ್ದಳು. ಫ್ರಿಜ್ಜಿನ ಡಬ್ಬಿಯಲ್ಲಿ ಹಿಟ್ಟಿಗೆ ಗುಲಾಬಿ ಬಣ್ಣದ ತುಪ್ಪಳ ಬಂದಿತ್ತು. ಎದುರು ಮನೆಗೆ ಓಡಿದೆ. ಕೋಕಿಲಾಬೆನ್ ನಗುತ್ತಾ ಅಡುಗೆಮನೆಗೆ ಕರೆದೊಯ್ದರು. ಕಟ್ಟೆಯ ಉದ್ದಕ್ಕೂ ಪಾತ್ರೆಗಳು: ಸ್ಟೀಲ್ ಡಬ್ಬಿ, ಬಟ್ಟಲು, ಉಪ್ಪಿನಕಾಯಿ ಭರಣಿ, ಮೊಮ್ಮಗಳ ಟಿಫನ್ ಬಾಕ್ಸ್. ಒಂದೊಂದರ ಬಾಯಿಗೂ ಒಗೆದ ಬಿಳಿ ಬಟ್ಟೆ. ಎಲ್ಲದರೊಳಗೂ ನನ್ನ ಹಿಟ್ಟು ಉಸಿರಾಡುತ್ತಿತ್ತು. ನಾನು ಹೇಳಿದ ಹಾಗೆ ಅವರು ದಿನವೂ ಅರ್ಧ ಹೊರಗೆ ತೆಗೆದಿದ್ದರು. ಚೆಲ್ಲಿರಲಿಲ್ಲ, ಅಷ್ಟೇ.

“ಜೀವ ಇದೆ ಅಂತ ನೀವೇ ಹೇಳಿದ್ರಲ್ಲ ರಾಘವಭಾಯ್” ಎಂದರು. “ಹೊರಗೆ ತೆಗೆದಿದ್ದಕ್ಕೂ ಹಸಿವಾಗಲ್ವಾ?”

ಡಾಕ್ಟರೇಟ್ ಮಾಡಿದ ನಾನು ಪಾತ್ರೆಗಳನ್ನು ಎಣಿಸತೊಡಗಿದೆ. ಈ ಊರಿನಲ್ಲಿ ಮುದಿ ದನ, ರೆಕ್ಕೆ ಮುರಿದ ಪಾರಿವಾಳಗಳನ್ನು ಸಾಕುವ ಪಾಂಜರಾಪೋಳಗಳಿವೆ. ನನ್ನ ಹಿಟ್ಟಿಗೂ ಅಂಥದ್ದೊಂದು ಆಶ್ರಯ ಸಿಕ್ಕಿತ್ತು. ಹೊತ್ತು ಮುಳುಗುವುದರೊಳಗೆ ಅದಕ್ಕೂ ಊಟ ಮುಗಿಯುತ್ತಿತ್ತಂತೆ. ನನಗೆ ಕುಣಿದುಬಿಡೋಣ ಎನ್ನುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಹಿಂದೆಯೇ ಬಂದ ನನ್ನ ಹೆಂಡತಿ, ಇಷ್ಟು ಹಿಟ್ಟಿಗೆ ಎಷ್ಟು ಬ್ರೆಡ್ ಸುಡಬಹುದು ಎಂದು ಒಳ್ಳೆಯ ಗುಜರಾತಿಯಲ್ಲೇ ಉದ್ಗರಿಸಿಬಿಟ್ಟಳು. ಕೋಕಿಲಾಬೆನ್ ಮುಖ ಸಣ್ಣದಾಯಿತು. ಹತ್ತಿರದ ಭರಣಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಾಗಾದರೆ ಇವು ಇಲ್ಲೇ ಇರಲಿ, ನನಗೇನೂ ಕಷ್ಟವಿಲ್ಲ ಎಂದರು. ಟೀಚರ್ ಮಾರನೆಯ ದಿನವೇ ಬರುವವರಿದ್ದರು.

ಬಂದವರನ್ನು ಕೋಕಿಲಾಬೆನ್ ಮನೆಗೇ ಕರೆದುಕೊಂಡು ಹೋದೆ. ಬ್ರೆಡ್ಡಿನ ಸುದ್ದಿ ಎತ್ತದೆ ಆಡಬೇಕಾದ ಮಾತುಗಳನ್ನೆಲ್ಲ ಸ್ಟೇಷನ್ನಿನಿಂದ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಟೀಚರ್ ಅವನ್ನೆಲ್ಲ ಮರೆತರು. ಒಂದು ಬಟ್ಟೆ ಸರಿಸಿ, ಬಗ್ಗಿ, ಮೂಸಿ ನೋಡಿದರು. ಊರಲ್ಲಿ ಮನೆಯೂ ಇಲ್ಲ, ಅಮ್ಮನದ್ದು ಅಂತ ನನ್ನ ಹತ್ತಿರ ಇದ್ದದ್ದು ಇದೊಂದೇ ಎಂದು ಗುಜರಾತಿಯಲ್ಲಿ ಹೇಳಿದರು. ಅಲ್ಲಿಗೆ ಸುಮ್ಮನಿರಬಾರದೇ? ಜನ್ಮವೆಲ್ಲ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವರು. ಕಣ್ಣೊರೆಸಿಕೊಂಡು, “ನೋಡಿ ಬೆನ್, ಇದನ್ನು ತೆಗೆದುಕೊಂಡು ಹೋಗಿ ನಾನು...” ಎಂದು ಶುರು ಮಾಡಿದರು. ನಾನು ದೇವರನ್ನು ನೆನೆದೆ.

ಕೋಕಿಲಾಬೆನ್ ಕೈ ಅಡ್ಡ ಹಿಡಿದರು. “ಹೇಳಬೇಡಿ ಬೆನ್. ನೀವು ಹೇಳಿದರೆ ನನಗೆ ಕೊಡೋಕಾಗಲ್ಲ. ಅಮ್ಮನ್ನ ಕರ್ಕೊಂಡು ಹೋಗಿ.”

ಭರಣಿಗೆ ಹೊಸ ಬಟ್ಟೆ ಕಟ್ಟಿ, ರೈಲಿನಲ್ಲಿ ತುಳುಕದಂತೆ ಚೀಲದಲ್ಲಿ ಒತ್ತಿಟ್ಟು ಕೊಟ್ಟರು. ನನಗೂ ಒಂದು ಬಟ್ಟಲು ಸಿಕ್ಕಿತು, ಎಲ್ಲಕ್ಕಿಂತ ಚಿಕ್ಕದು. ಉಳಿದವು ಅಲ್ಲೇ ಇವೆ.

ಮೊನ್ನೆ ಟೀಚರ್ ಯಾರದೋ ಕೈಯಲ್ಲಿ ಒಂದು ಬ್ರೆಡ್ ಕಳಿಸಿದ್ದರು. ಕಂದು ಬಣ್ಣದ ದಪ್ಪ ಸಿಪ್ಪೆ, ಒಳಗೆ ಮೋಡದ ಹಾಗೆ ಮೆತ್ತಗೆ. ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ಬೆಣ್ಣೆ ಹಚ್ಚಿ, ಕಣ್ಣು ಅರೆಮುಚ್ಚಿ ಮೆಲ್ಲುತ್ತಾ ಕೂತಿದ್ದೆ. ಮಂಗಳೂರು, ಶೇಂದಿ, ಸಂಜೆಯ ನೀರು ಎಲ್ಲವೂ ನಾಲಗೆಯ ಮೇಲೆ ತೇಲುತ್ತಿದ್ದವು. ಬಾಗಿಲ ಗಂಟೆ ಹೊಡೆಯಿತು. ಅದೇ ಗುಂಗಿನಲ್ಲಿ ಎದ್ದು ಹೋಗಿ ಬಾಗಿಲು ತೆಗೆದೆ.

ಕೋಕಿಲಾಬೆನ್. ಅಮ್ಮ ಹೇಗಿದ್ದಾರೆ, ವಡೋದರಾದಲ್ಲಿ ಎಲ್ಲ ಮಜಾಮಾ, ಸುಖವೇ ಎಂದು ಕೇಳಿದರು. ನಾನು ಗಟಕ್ಕನೆ ನುಂಗಿ, “ಮಜಾಮಾ, ಮಜಾಮಾ” ಎಂದೆ.

ಅವರು ನನ್ನ ಮುಖ ನೋಡಿದರು. “ಮೀಸೆಗೆ ಬೆಣ್ಣೆ ಹತ್ತಿದೆ ರಾಘವಭಾಯ್” ಎಂದು ಮೆಲ್ಲಗೆ ಹೇಳಿ ತಮ್ಮ ಮನೆಯೊಳಗೆ ಹೋದರು. ಒರೆಸಿಕೊಳ್ಳಲೆಂದು ಕೈಯೆತ್ತಿದೆ. ಕಚ್ಚಿ ಉಳಿದ ಅರ್ಧ ತುಂಡು ಇನ್ನೂ ಕೈಯಲ್ಲೇ ಇತ್ತು.