ಕೆಂಪು ಪೆನ್ನಿನ ಮನೆಯ ಹುಡುಗಿ

ಆ ಮನೆಯಲ್ಲಿ ಕೆಂಪು ಪೆನ್ನು ಬಿಟ್ಟರೆ ಬೇರೆ ಪೆನ್ನೇ ಇರಲಿಲ್ಲ. ಅವತ್ತಿನ ಅವಾಂತರವೆಲ್ಲ ಶುರುವಾದದ್ದು ಅಲ್ಲಿಂದ.

ನೆಬ್ರಾಸ್ಕದ ಡ್ರೈಫೋರ್ಕ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರೆಂದರೆ ವೆಂಡೆಲ್ ಕುಬಿಚೆಕ್ ಒಬ್ಬರೇ. ಇಪ್ಪತ್ತೆರಡು ವರ್ಷದಿಂದ ಒಂಬತ್ತನೆಯ ತರಗತಿಗೂ ಅವರೇ, ಹನ್ನೆರಡನೆಯದಕ್ಕೂ ಅವರೇ. ಶಾಲೆಯ ಹಳದಿ ಬಸ್ಸು ಓಡಿಸುವವರೂ ಅವರೇ, ಫುಟ್‌ಬಾಲ್ ಪಂದ್ಯದ ದಿನ ಮೈಕು ಹಿಡಿಯುವವರೂ ಅವರೇ. ಅಂಗಿಯ ಜೇಬಿನಲ್ಲಿ ಮೂರು ಕೆಂಪು ಪೆನ್ನು ಸದಾ ಇಣುಕುತ್ತಿದ್ದವು. ಹೆಂಡತಿ ಬರೆದ ದಿನಸಿ ಚೀಟಿಯನ್ನೂ ತಿದ್ದದೆ ಅಂಗಡಿಗೆ ಒಯ್ಯುವ ಜನವಲ್ಲ. ಒಮ್ಮೆ ಭಾವಮೈದುನ ಕಳಿಸಿದ ಕ್ರಿಸ್‌ಮಸ್ ಕಾರ್ಡನ್ನು ತಿದ್ದಿ, ಕೆಳಗೆ ಅಂಕ ಹಾಕಿ ವಾಪಸು ಕಳಿಸಿದ್ದರು. ಆಮೇಲೆ ಆ ಕಡೆಯಿಂದ ಕಾರ್ಡು ಬರುವುದು ನಿಂತಿತು.

ಅವರ ಮಗಳು ಟ್ರಿನಾಗೆ ಹದಿನೇಳು ವರ್ಷ. ಮೂರು ವರ್ಷ ಸತತವಾಗಿ ಅಪ್ಪನ ಕ್ಲಾಸಿನಲ್ಲಿ ಕೂತು ಪಾಸಾಗಿದ್ದಳು. ತರಗತಿಯಲ್ಲಿ ಅವಳು ಅವರನ್ನು "ಮಿಸ್ಟರ್ ಕುಬಿಚೆಕ್" ಎನ್ನಬೇಕು, ಅವರು ಅವಳನ್ನು "ಟ್ರಿನಾ" ಎನ್ನಬೇಕು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು. ಅವಳು ತನ್ನ ಮಾತು ಉಳಿಸಿಕೊಂಡಳು. ಮೇಷ್ಟ್ರು ಮೊದಲ ದಿನವೇ ಬಾಯಿತಪ್ಪಿ, "ಮುಂದಿನ ಪ್ಯಾರಾ ಓದು, ಪುಟ್ಟಿ" ಎಂದುಬಿಟ್ಟರು. ಅಂದಿನಿಂದ ಇಡೀ ಶಾಲೆಗೆ ಅವಳು ಪುಟ್ಟಿ. ಆರಡಿಗೆ ಎರಡಂಗುಲ ಕಡಿಮೆಯಿದ್ದ ಆ ಹುಡುಗಿಯ ವಾಲಿಬಾಲ್ ಅಂಗಿಯ ಬೆನ್ನ ಮೇಲೂ ಕೋಚು ಅದನ್ನೇ ಅಚ್ಚು ಹಾಕಿಸಿದ್ದ.

ಈ ವರ್ಷ ಅವಳಿಗೊಂದು ದಾರಿ ಸಿಕ್ಕಿತ್ತು. ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕೌಂಟಿ ಕಾಲೇಜಿನ ಪಾಠಕ್ಕೆ ಸೇರಬಹುದು. ಪಾಸಾದರೆ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಪ್ರಬಂಧ ರಚನೆಯ ಪಾಠಕ್ಕೆ ಸೇರಿದರೆ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಓದುವ ಅಗತ್ಯವೇ ಇಲ್ಲ. ನಲವತ್ತು ಮೈಲಿ ಆಚೆ ಆಲ್ಡರ್ಟನ್‌ನಲ್ಲಿ ಡಾಕ್ಟರ್ ಆರ್ಮಿಟೇಜ್ ಎಂಬ ಮಹಾ ಬಿಗಿಯ ಹೆಂಗಸು ಅದನ್ನು ಕಲಿಸುತ್ತಾರೆ, ಮಕ್ಕಳನ್ನೆಲ್ಲ ಮಿಸ್ಟರ್, ಮಿಸ್ ಎಂದೇ ಕರೆಯುತ್ತಾರೆ ಎಂದು ಕೇಳಿದ್ದಳು. ಮಿಸ್ ಕುಬಿಚೆಕ್! ಅದೊಂದನ್ನು ಕೇಳಿಸಿಕೊಳ್ಳಲು ದಿನಾ ನಲವತ್ತು ಮೈಲಿ ಹೋಗಿಬರಲೂ ಅವಳು ತಯಾರಿದ್ದಳು.

ಸೇರಲು ಕೊನೆಯ ದಿನ ಆ ಶುಕ್ರವಾರ, ಸಂಜೆ ನಾಲ್ಕರೊಳಗೆ. ಹದಿನೆಂಟು ತುಂಬದವರಿಗೆ ಹೆತ್ತವರ ಸಹಿ ಬೇಕು, ಅದೂ ಕಾಗದದ ಮೇಲೆ. ಅಪ್ಪ ಬಸ್ಸು ತೆಗೆದುಕೊಂಡು ಹೊರಟ ಮೇಲೆ ಟ್ರಿನಾ ಫಾರಮ್ಮನ್ನು ಅಮ್ಮನ ತಟ್ಟೆಯ ಪಕ್ಕದಲ್ಲಿಟ್ಟಳು.

"ಅಪ್ಪಂಗೆ ಹೇಳಿದ್ಯಾ?" ಎಂದಳು ಅಮ್ಮ.

"ಸೇರಿದ್ಮೇಲೆ ಹೇಳ್ತೀನಿ."

"ಪಾಪ, ಬೇಜಾರು ಮಾಡ್ಕೋತಾರೆ ಕಣೇ."

"ಅವರಿಗೆ ಬೇಜಾರಾಗ್ಬಾರ್ದು ಅಂತ ಮೂರು ವರ್ಷ ಪುಟ್ಟಿಯಾಗಿದ್ದೆ. ಇನ್ನು ಆಗಲ್ಲ. ನಂಗೂ ಒಂದು ಹೆಸರಿದೆ ಅಮ್ಮಾ."

"ಹಾಗಾದ್ರೆ ನಾಳೆ ಹೇಳು. ಮೀನು ಹಿಡಿದು ಬಂದ ದಿನ ಖುಷಿಯಾಗಿರ್ತಾರೆ."

"ಎರಡು ವರ್ಷದಿಂದ ಶನಿವಾರ ಶನಿವಾರ ಹೋಗ್ತಿದಾರೆ. ಒಂದೇ ಒಂದು ಮೀನು ಮನೆಗೆ ಬಂದಿದ್ಯಾ?"

ಅಮ್ಮ ಕೈಗೆ ಸಿಕ್ಕ ಪೆನ್ನಿನಲ್ಲಿ ಸಹಿ ಎಳೆದು, ಅಂಚೆಯ ಚೀಲ ಎತ್ತಿಕೊಂಡು ಹೊರಟಳು. ಸುತ್ತಲಿನ ಹೊಲದ ಮನೆಗಳಿಗೆಲ್ಲ ಟಪಾಲು ಹಂಚುವ ಕೆಲಸ ಅವಳದು.

ಶಾಲೆಯಲ್ಲಿ ಮಕ್ಕಳಿಗೆ ಮುಂದಿನ ಓದಿನ ಸಲಹೆ ಕೊಡುವ ಶ್ರೀಮತಿ ಪೊಸ್ಪಿಶಿಲ್ ಮೂರು ಊರಿನ ಶಾಲೆಗಳಿಗೆ ಒಬ್ಬರೇ. ಡ್ರೈಫೋರ್ಕ್‌ಗೆ ಬರುವುದು ಶುಕ್ರವಾರ ಮಾತ್ರ. ಅವರು ಫಾರಂ ನೋಡಿದ ಕೂಡಲೇ ಕನ್ನಡಕ ತೆಗೆದರು.

"ಅಯ್ಯೋ ಪುಟ್ಟಿ, ಕೆಂಪು ಶಾಯಿ! ಕಾಲೇಜಿನವರು ಇದನ್ನ ಮುಟ್ಟೋದೂ ಇಲ್ಲ. ಕಪ್ಪು ಇಲ್ಲಾ ನೀಲಿ. ಹಾಳೆ ಮೇಲೇ ಅಚ್ಚಾಗಿದೆ ನೋಡು."

"ನನ್ನ ಹೆಸರು ಟ್ರಿನಾ."

"ಗೊತ್ತು ಪುಟ್ಟಿ." ಹೊಸ ಫಾರಂ ತೆಗೆದು ತಮ್ಮ ಸಹಿ ಹಾಕಿದರು. "ಇನ್ನೇನು, ನಿಮ್ಮಪ್ಪ ಪಕ್ಕದ ರೂಮಲ್ಲೇ ಇದಾರಲ್ಲ, ಹಾಕಿಸ್ಕೊಂಡು ಬಾ."

"ಬೇಡ. ಅಮ್ಮನ ಹತ್ರಾನೇ ಹಾಕಿಸ್ತೀನಿ."

ಆಗಸ್ಟಿನ ಸೆಕೆಗೆ ಶಾಲೆಯನ್ನು ಆ ವಾರವೆಲ್ಲ ಹನ್ನೆರಡಕ್ಕೇ ಬಿಡುತ್ತಿದ್ದರು. ಟ್ರಿನಾ ತನ್ನ ಹಳೆಯ ಪಿಕಪ್ ಹತ್ತಿ ಅಮ್ಮನನ್ನು ಹುಡುಕಲು ಹೊರಟಳು. ಹೊಲಗಳ ನಡುವೆ ಅಮ್ಮನ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಆದರೆ ಅಂಚೆಯವಳ ಮಗಳಿಗೆ ಅಮ್ಮನ ಹೆಜ್ಜೆ ಹಿಡಿಯಲು ಫೋನು ಯಾಕೆ ಬೇಕು? ಕಳಿಸುವ ಕಾಗದವಿದ್ದ ಮನೆಯವರು ದಾರಿಬದಿಯ ಟಪಾಲು ಡಬ್ಬದ ಕೆಂಪು ಬಾವುಟ ಎತ್ತಿಡುತ್ತಾರೆ. ಅಮ್ಮ ಕಾಗದ ತೆಗೆದುಕೊಂಡು ಬಾವುಟ ಇಳಿಸಿ ಹೋಗುತ್ತಾಳೆ. ಬಾವುಟ ಮೇಲಿದ್ದರೆ ಅಮ್ಮ ಇನ್ನೂ ಬಂದಿಲ್ಲ ಎಂದೇ ಅರ್ಥ.

ಜಲ್ಲಿ ರಸ್ತೆಯ ಧೂಳೆಬ್ಬಿಸುತ್ತ ಹೋದಳು. ಇಳಿದ ಬಾವುಟ, ಮತ್ತೂ ಇಳಿದ ಬಾವುಟ. ಏಳನೆಯ ಡಬ್ಬದ ಬಾವುಟ ನೆಟ್ಟಗೆ ಮೇಲಿತ್ತು. ಅದು ಆಗ್ನೆಸ್ ಝೆಲೆಂಕಾ ಅಜ್ಜಿಯ ಮನೆ. ಟ್ರಿನಾ ಗೆದ್ದವಳ ಹಾಗೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ರೇಡಿಯೊ ಮತ್ತು ಫ್ಯಾನು ಹಾಕಿಕೊಂಡು ಕಾದಳು. ಹನ್ನೆರಡೂವರೆ ಒಂದಾಯಿತು, ಒಂದು ಎರಡಾಯಿತು. ಜೋಳದ ಹೊಲದ ಆಚೆಯಿಂದ ಒಂದು ಗಾಡಿಯೂ ಬರಲಿಲ್ಲ.

ಎರಡೂಕಾಲಿಗೆ ಅಜ್ಜಿ ತಟ್ಟೆ ಹಿಡಿದು ಹೊರಗೆ ಬಂದರು.

"ಯಾರದು, ಪುಟ್ಟಿನಾ? ಆವಾಗಿಂದ ನೋಡ್ತಿದೀನಿ, ನನ್ನ ಡಬ್ಬಕ್ಕೆ ಕಾವಲು ಕೂತಿದ್ಯಲ್ಲ."

"ಅಮ್ಮಂಗೆ ಕಾಯ್ತಿದೀನಿ ಅಜ್ಜಿ."

"ಅವಳು ಹನ್ನೊಂದೂವರೆಗೇ ಬಂದು ಹೋದ್ಲಲ್ಲ!"

"ಮತ್ತೆ ಬಾವುಟ ಮೇಲಿದೆ?"

"ಅದು ನಾಳೆಗೆ. ನನ್ನ ತಂಗಿಗೆ ಕಾಗದ ಹಾಕ್ಬೇಕು. ಬೆಳಿಗ್ಗೆ ಮರೆತುಬಿಡ್ತೀನಿ ಅಂತ ಇವತ್ತೇ ಎತ್ತಿಟ್ಟೆ."

ಟ್ರಿನಾ ತುಟಿ ಕಚ್ಚಿಕೊಂಡು ಕೀಲಿ ತಿರುಗಿಸಿದಳು. ಗಾಡಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಎರಡು ಗಂಟೆ ರೇಡಿಯೊ ಹಾಡಿದ್ದಕ್ಕೆ ಬ್ಯಾಟರಿ ಪೂರ್ತಿ ಖಾಲಿ.

"ಕೆಟ್ಟೋಯ್ತಾ? ಯೋಚನೆ ಮಾಡ್ಬೇಡ, ನಿಮ್ಮಪ್ಪ ಇದಾರಲ್ಲ."

"ಬೇಡ ಅಜ್ಜಿ! ಬೇರೆ ಯಾರಿಗಾದ್ರೂ ಫೋನ್ ಮಾಡಿ. ಅಪ್ಪಂಗೆ ಮಾತ್ರ ಬೇಡ."

ಬೇಡವೆಂದ ಮೇಲೆ ಕಾರಣ ಕೇಳದೆ ಬಿಡುವ ಅಜ್ಜಿಯಲ್ಲ. ಟ್ರಿನಾ ಎಲ್ಲವನ್ನೂ ಹೇಳಿದಳು. ಅಜ್ಜಿ ತಟ್ಟೆಯಿಂದ ಒಂದು ಪ್ಲಮ್ ಹೂರಣದ ಕೊಲಾಚಿ ಬನ್ನು ತೆಗೆದು ಅವಳ ಕೈಗೆ ತುರುಕಿದರು. "ಅಪ್ಪನ್ನ ಬಿಟ್ಟು ಹೋಗ್ತೀಯಾ? ನನ್ನ ನಾಲ್ಕು ಮಕ್ಕಳಿಗೂ ಅವರೇ ಕಲಿಸಿದ್ದು. ಇವತ್ತಿಗೂ ಒಬ್ಬನೂ ಅಲ್ಪವಿರಾಮ ತಪ್ಪಲ್ಲ."

"ಆ ನಾಲ್ವರೂ ಅಪ್ಪನ ಮಕ್ಕಳಲ್ವಲ್ಲ ಅಜ್ಜಿ. ಅವರನ್ನ ಯಾರಾದ್ರೂ ಪುಟ್ಟಿ ಅಂದ್ರಾ?"

"ಬಾಯಿ ನೋಡು! ತಿನ್ನು ಮೊದ್ಲು. ಫೋನ್ ಆಗ್ಲೇ ಮಾಡಾಯ್ತು. ಗಾಡಿ ನಿಲ್ಲಿಸಿ ಅಲುಗಾಡದೆ ಕೂತಿದ್ಯಲ್ಲ, ತಲೆ ಸುತ್ತು ಬಂತೇನೋ ಅಂತ ಹೊರಗೆ ಬರೋ ಮುಂಚೇನೇ ಮಾಡಿದ್ದೆ."

ಹೇಳುತ್ತಿರುವಾಗಲೇ ಹಳದಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಬಾಗಿಲು ತೆರೆಯಿತು. ಆ ಸುಡುಬಿಸಿಲಿನಲ್ಲಿ ಕುಬಿಚೆಕ್ ಮೇಷ್ಟ್ರು ಕೋಟು ಹಾಕಿ ಟೈ ಕಟ್ಟಿದ್ದರು.

"ಹತ್ತು ಪುಟ್ಟಿ. ಆಲ್ಡರ್ಟನ್‌ಗೆ ಹೊರಟಿದ್ದೆ, ಬಸ್ಸಿನ ಬ್ರೇಕು ತೋರಿಸ್ಬೇಕು. ನಿನ್ನನ್ನ ಮನೆ ಹತ್ರ ಇಳಿಸ್ತೀನಿ."

ಬ್ರೇಕು ತೋರಿಸಲು ಯಾರಾದರೂ ಟೈ ಕಟ್ಟುತ್ತಾರೆಯೇ ಎಂದು ಕೇಳುವ ವ್ಯವಧಾನ ಟ್ರಿನಾಗೆ ಇರಲಿಲ್ಲ. ಅವಳಿಗೆ ಕೇಳಿಸಿದ್ದು ಆಲ್ಡರ್ಟನ್ ಎಂಬುದೊಂದೇ. ಬಸ್ಸು ಹತ್ತಿ, ಅಪ್ಪನ ಹಿಂದಿನ ಸೀಟಿನ ಪಕ್ಕ ನಿಂತುಕೊಂಡೇ ಹೇಳಿದಳು.

"ನನ್ನನ್ನ ಮನೆ ಹತ್ರ ಇಳಿಸ್ಬೇಡ. ನಾನೂ ಆಲ್ಡರ್ಟನ್‌ಗೇ. ಕಾಲೇಜಲ್ಲಿ ಡಾಕ್ಟರ್ ಆರ್ಮಿಟೇಜ್ ಅವರ ಇಂಗ್ಲಿಷಿಗೆ ಸೇರ್ತಿದೀನಿ. ನಿನ್ನ ಕ್ಲಾಸಿಗೆ ಬರಲ್ಲ."

"ಕೂತ್ಕೊಂಡು ಮಾತಾಡು. ಬಸ್ಸು ಹೋಗ್ತಿದೆ."

"ಕೂತ್ಕೊಳ್ಳಲ್ಲ! ಮೂರು ವರ್ಷ ಕೂತಿದ್ದೆ. ಬೇಜಾರು ಮಾಡ್ಕೋ, ಬಯ್ಯಿ, ಏನ್ ಬೇಕಾದ್ರೂ ಮಾಡು. ನೀನು ಒಳ್ಳೇ ಮೇಷ್ಟ್ರೇ ಇರಬಹುದು. ಆದ್ರೆ ನನ್ನ ಪ್ರಬಂಧಕ್ಕೆ ನೀನು ಒಳ್ಳೇ ಅಂಕ ಕೊಟ್ರೆ ಎಲ್ರೂ ಅಪ್ಪ ಕೊಟ್ಟಿದ್ದು ಅಂತಾರೆ, ಕಡಿಮೆ ಕೊಟ್ರೆ ಅಪ್ಪಾನೇ ಕೊಡ್ಲಿಲ್ಲ ಅಂತಾರೆ. ನಂಗೆ ಬರೆಯೋಕೆ ಬರುತ್ತೋ ಇಲ್ವೋ ಅಂತ ನಂಗೇ ಗೊತ್ತಿಲ್ಲ. ನೀನಲ್ದೆ ಇನ್ನೊಬ್ರು ಯಾರಾದ್ರೂ ಹೇಳ್ಬೇಕು."

ಮೇಷ್ಟ್ರು ಕಣ್ಣು ರಸ್ತೆಯ ಮೇಲಿಟ್ಟು ಬಸ್ಸು ಓಡಿಸಿದರು. ಟ್ರಿನಾಗೆ ಹೇಳಿದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಹೆದ್ದಾರಿ ಸೇರುವ ಕಡೆ ಬಸ್ಸು ನಿಂತಿತು. ಮೇಷ್ಟ್ರು ಅವಳ ಕೈಯಲ್ಲಿದ್ದ ಫಾರಂ ನೋಡಿ ಹಿಂದಕ್ಕೆ ಕೈ ಚಾಚಿದರು.

"ಕೊಡಿಲ್ಲಿ. ಹೆತ್ತವರ ಸಹಿ ಖಾಲಿ ಇದೆಯಲ್ಲ."

ಕೋಟಿನ ಒಳಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಶಾಯಿ ಕಪ್ಪು. ಅಪ್ಪನ ಹತ್ತಿರ ಕಪ್ಪು ಪೆನ್ನು! ಹುಟ್ಟಿದಾಗಿನಿಂದ ನೋಡದಿದ್ದ ಆ ಸಂಗತಿಯೂ ಅವಸರದಲ್ಲಿ ಅವಳ ತಲೆಗೆ ಹೋಗಲಿಲ್ಲ.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹೋದ ವರ್ಷವೇ ಓಡಿಹೋಗ್ತಿದ್ದೆ" ಎಂದು ಮೇಷ್ಟ್ರು ಗೇರು ಹಾಕಿದರು. ಟ್ರಿನಾಗೆ ಅಪ್ಪನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಆದರೆ ತೋರಿಸಿಕೊಳ್ಳಲಿಲ್ಲ, ಮತ್ತೆ ಪುಟ್ಟಿ ಎಂದಾರು ಎಂದು.

ಕಾಲೇಜಿನ ಕಚೇರಿ ತಲುಪಿದಾಗ ನಾಲ್ಕಕ್ಕೆ ಹನ್ನೆರಡು ನಿಮಿಷ ಬಾಕಿ. ಮೇಷ್ಟ್ರು "ಬ್ರೇಕು ನೋಡ್ಕೊಂಡು ಬರ್ತೀನಿ" ಎಂದು ಕಟ್ಟಡದ ಇನ್ನೊಂದು ಬಾಗಿಲ ಕಡೆ ನಡೆದರು. ಒಳಗೆ ಕಿಟಕಿಯ ಹಿಂದೆ ಶ್ರೀಮತಿ ಲೂಮಿಸ್ ಎಂಬ ಗುಮಾಸ್ತೆ ಕೂತಿದ್ದರು.

"ಡಾಕ್ಟರ್ ಆರ್ಮಿಟೇಜ್ ಅವರದಾ? ಎರಡು ಗಂಟೆಗೇ ಭರ್ತಿಯಾಯ್ತು. ಕೊನೇ ಸೀಟು ಆಗ್ಲೇ ಹೋಯ್ತು."

ಎರಡು ಗಂಟೆಗೆ ತಾನು ಅಜ್ಜಿಯ ಬಾವುಟ ಕಾಯುತ್ತ ರೇಡಿಯೊ ಕೇಳುತ್ತಿದ್ದುದು ನೆನಪಾಗಿ ಟ್ರಿನಾ ಕಿಟಕಿಯ ಅಂಚು ಹಿಡಿದುಕೊಂಡಳು. "ಬೇರೆ ಯಾವುದೂ ಇಲ್ವಾ?"

"ಏಳನೇ ಸೆಕ್ಷನ್ ಅಂತ ಹೊಸದೊಂದಿದೆ. ಬೆಳಿಗ್ಗೆ ಎಂಟಕ್ಕೆ. ಎಲ್ಲಿ ಅನ್ನೋದು, ಯಾರು ಕಲಿಸ್ತಾರೆ ಅನ್ನೋದು ಎರಡೂ ಇನ್ನೂ ಹಾಕಿಲ್ಲ. ಸುತ್ತಮುತ್ತಲ ಊರಿಂದ ಐದು ಜನ ಸೇರಿದಾರೆ. ಆರು ಆಗದಿದ್ರೆ ನಾಲ್ಕಕ್ಕೆ ಅದೂ ರದ್ದು."

"ನಾನೇ ಆರನೆಯವಳು! ಹಾಕಿ."

"ಮೇಷ್ಟ್ರು ಯಾರು ಅಂತ ಗೊತ್ತಾಗೋವರೆಗೂ..."

"ಯಾರಾದ್ರೂ ಪರವಾಗಿಲ್ಲ!" ಎಂದಳು ಟ್ರಿನಾ, ಮೇಜು ಗುದ್ದಿ. "ದಾರೀಲಿ ಹೋಗೋರು ಬಂದು ಕಲಿಸಿದ್ರೂ ಸರಿ. ಹಾಕಿ."

ಶ್ರೀಮತಿ ಲೂಮಿಸ್ ಹಾಕಿದರು, ಮುದ್ರೆ ಒತ್ತಿದರು. "ಆಯ್ತು, ಮಿಸ್ ಕುಬಿಚೆಕ್."

ಆ ಎರಡು ಮಾತು ಟ್ರಿನಾಳ ಕಿವಿಗೆ ಜೇನಾಯಿತು. ಗಡಿಯಾರ ನಾಲ್ಕು ಹೊಡೆಯಲು ಮೂರು ನಿಮಿಷವಿತ್ತು. ಅವಳು ಚೀಟಿಯನ್ನು ಎದೆಗೊತ್ತಿಕೊಂಡು ಪಡಸಾಲೆಗೆ ಬಂದಳು. ಎದುರಿನಿಂದ ಅಪ್ಪ ಬಹುತೇಕ ಓಡುತ್ತ ಬರುತ್ತಿದ್ದರು. ಟೈ ಹೆಗಲ ಮೇಲಿತ್ತು, ಕೊರಳಲ್ಲಿ ಕಾಲೇಜಿನ ಹೊಸ ಗುರುತಿನ ಚೀಟಿ ತೂಗುತ್ತಿತ್ತು.

"ಪುಟ್ಟಿ! ನಿನಗೆ ಹೇಳಿರ್ಲಿಲ್ಲ. ಆಗದಿದ್ರೆ ನಾಚಿಕೆ ಅಂತ. ಎರಡು ವರ್ಷ ಶನಿವಾರ ನಾನು ಎಲ್ಲಿ ಮೀನು ಹಿಡೀತಿದ್ದೆ? ಇಲ್ಲೇ ಓದ್ತಿದ್ದೆ. ಕಾಲೇಜಿನ ಪಾಠ ಹೇಳೋಕೆ ಇನ್ನೂ ಹದಿನೆಂಟು ಕ್ರೆಡಿಟ್ ಓದ್ಬೇಕು ಅಂದಿದ್ರು. ಹೈಸ್ಕೂಲು ಮೇಷ್ಟ್ರ ಕೈಲಿ ಇದೆಲ್ಲ ಆಗಲ್ಲ ಅಂತ ಇಲ್ಲೊಬ್ರು ನಕ್ಕಿದ್ರು. ಓದಿ ತೋರಿಸ್ದೆ! ಇನ್ಮುಂದೆ ನಮ್ಮೂರ ಮಕ್ಕಳು ನಲವತ್ತು ಮೈಲಿ ಬರ್ಬೇಕಾಗಿಲ್ಲ. ಒಬ್ರು ಕಡಿಮೆ ಬಿದ್ದು ಎಲ್ಲ ನೀರಲ್ಲಿ ಹೋಮ ಆಗೋದ್ರಲ್ಲಿತ್ತು. ಈಗ, ಕಡೇ ಗಳಿಗೇಲಿ, ಯಾರೋ ಪುಣ್ಯಾತ್ಮರು ಸೇರ್ಕೊಂಡ್ರಂತೆ! ಸೋಮವಾರದಿಂದ ನಮ್ಮ ಶಾಲೆಯ ನಾಲ್ಕನೇ ರೂಮಲ್ಲೇ ಕಾಲೇಜಿನ ಕ್ಲಾಸು. ಏಳನೇ ಸೆಕ್ಷನ್."

ಟ್ರಿನಾ ಕೈಯಲ್ಲಿದ್ದ ಚೀಟಿಯನ್ನು ಮೆಲ್ಲಗೆ ಅಪ್ಪನ ಕಡೆ ತಿರುಗಿಸಿದಳು. ಮೇಷ್ಟ್ರು ಓದಿದರು. ಇನ್ನೊಮ್ಮೆ ಓದಿದರು. ಅವರ ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

ಅವಳು ತಿರುಗಿ ಕಿಟಕಿಗೆ ಓಡಿದಳು. "ಇದನ್ನ ಬಿಡಬಹುದಾ?"

"ಧಾರಾಳವಾಗಿ" ಎಂದರು ಶ್ರೀಮತಿ ಲೂಮಿಸ್, ಕಿಟಕಿಯ ಬಾಗಿಲು ಎಳೆಯುತ್ತ. "ಬಿಟ್ರೆ ನಿಮ್ಮ ಶಾಲೆಯ ಹನ್ನೆರಡನೇ ತರಗತಿಯ ಇಂಗ್ಲಿಷಿಗೆ ವಾಪಸ್ ಹೋಗ್ಬೇಕಾಗುತ್ತೆ, ಅಷ್ಟೇ. ಅಲ್ಲಿ ಮೇಷ್ಟ್ರು ಯಾರು?"

ವಾಪಸು ಹೊರಟಾಗ ಟ್ರಿನಾ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ, ಮುಖ ಕಿಟಕಿಗೆ ತಿರುಗಿಸಿ ಕೂತಳು. ನಲವತ್ತಾರು ಖಾಲಿ ಸೀಟುಗಳ ಆಚೆ ಅಪ್ಪ. ಬಸ್ಸು ಹೆದ್ದಾರಿ ಬಿಟ್ಟು ಜಲ್ಲಿ ರಸ್ತೆಗಿಳಿಯಿತು.

ಮೇಷ್ಟ್ರು ಕನ್ನಡಿಯಲ್ಲಿ ಅವಳನ್ನು ನೋಡಿ ಗಂಟಲು ಸರಿಮಾಡಿಕೊಂಡರು. "ನಾನು ಪ್ರಮಾಣ ಮಾಡ್ತೀನಿ. ಇದು ಕಾಲೇಜು. ಕಾಲೇಜಿನಲ್ಲಿ ಹೇಗೆ ಕರೀಬೇಕೋ ಹಾಗೇ ಕರೀತೀನಿ. ನಿನ್ನ ಪ್ರಬಂಧಗಳನ್ನ ಡಾಕ್ಟರ್ ಆರ್ಮಿಟೇಜ್ ಅವರಿಗೆ ಹೆಸರು ಮುಚ್ಚಿ ಕಳಿಸಿ ಅಂಕ ಹಾಕಿಸ್ತೀನಿ. ಆಯ್ತಾ? ಬೇಕಾದ್ರೆ ಈಗ್ಲೇ ಹಾಜರಿ ಅಭ್ಯಾಸ ಮಾಡೋಣ. ಮಿಸ್ ಕುಬಿಚೆಕ್!"

ಟ್ರಿನಾ ಹೊರಗಿನ ಜೋಳದ ಹೊಲ ನೋಡುತ್ತಿದ್ದಳು.

"ಮಿಸ್ ಕುಬಿಚೆಕ್!"

ಸಿಟ್ಟೇನೂ ಇಳಿದಿರಲಿಲ್ಲ. ಆದರೂ ಆ ಹೆಸರಿಗೆ ಮೂರು ವರ್ಷ ಕಾದಿದ್ದಳು. ಕಿಟಕಿಯ ಕಡೆಗೇ ಮುಖ ಮಾಡಿ ಗೊಣಗಿದಳು: "ಹಾಜರಿದ್ದೀನಿ."

"ಕೇಳಿಸ್ಲಿಲ್ಲ" ಎಂದರು ಮೇಷ್ಟ್ರು. "ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳು, ಪುಟ್ಟಿ."