ಒಂದೇ ಏಟಿಗೆ ಐವತ್ತೆಂಟು ಕ್ಲಿಪ್

ಒಂದೊಂದಾಗಿ ಮಾಡಬೇಕಾದ ಕೆಲಸವನ್ನು ಒಟ್ಟಿಗೆ ಮುಗಿಸಿಬಿಡುವ ಚಟ ನನಗೆ ಮೊದಲಿನಿಂದಲೂ ಇದೆ. ಮದುವೆಮನೆಯಲ್ಲಿ ಸಾಲಾಗಿ ಕೂತ ಹತ್ತು ಜನ ಹಿರಿಯರಿಗೆ ನಾನು ಮಾಡುವುದು ಒಂದೇ ನಮಸ್ಕಾರ. ಕೈ ಜೋಡಿಸಿಕೊಂಡು ಕತ್ತನ್ನು ಟೇಬಲ್ ಫ್ಯಾನಿನಂತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಎಲ್ಲರಿಗೂ ತಲುಪಿತು ಎಂದು ನನ್ನ ನಂಬಿಕೆ. "ಮೂಲೆಯಾಗ ಕೂತಿದ್ದ ನಮ್ಮ ಚಿಕ್ಕಮ್ಮಗ ನಿಮ್ಮ ಫ್ಯಾನಿನ ಗಾಳಿ ತಾಗ್ಲೇ ಇಲ್ಲಂತೆ" ಎಂದು ನನ್ನ ಹೆಂಡತಿ ಸರ್ವಮಂಗಳ ಮನೆಗೆ ಬಂದಮೇಲೆ ವರದಿ ಒಪ್ಪಿಸುತ್ತಾಳೆ. ಬಿಳಿ ಅಂಗಿ, ಕೆಂಪು ಟವೆಲು, ಮಗಳ ದುಪಟ್ಟಾ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸಿ, ವಾರವಿಡೀ ಗುಲಾಬಿ ಅಂಗಿಯಲ್ಲಿ ಶಾಲೆಗೆ ಹೋದವನು ನಾನು. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. ಬಂದಿದ್ದರೆ ಈ ಹನುಮಕ್ಕನ ಪ್ರಸಂಗ ನಡೆಯುತ್ತಿರಲಿಲ್ಲ.

ನಾನು ಇರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಪಾಠ ಹೇಳುವುದು ಕೊಕ್ಕನೂರಿನ ಶಾಲೆಯಲ್ಲಿ. ಹರಿಹರದಲ್ಲಿ ಬಸ್ಸು ಬದಲಿಸಿ ಶಾಲೆ ಮುಟ್ಟುವಷ್ಟರಲ್ಲಿ ತಿಂದ ತಿಂಡಿ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ನನ್ನನ್ನು ಕಾಪಾಡಿದ್ದು ಶಾಲೆಯಲ್ಲಿ ಬಿಸಿಯೂಟ ಮಾಡುವ ಹನುಮಕ್ಕನ ಸಾರು. ಮಧ್ಯಾಹ್ನ ಆಕೆ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೊರಗೆ ಬಂದ ಪ್ರತಿಯೊಂದು ಮಗುವನ್ನೂ, "ಊಟ ಆತಾ?" ಎಂದು ಕೇಳಬೇಕು. ಆಗಿಲ್ಲದವರನ್ನು ರಟ್ಟೆ ಹಿಡಿದು ಒಳಗೆ ಕೂರಿಸಬೇಕು. ತಾವು ಉಣ್ಣುತ್ತಿದ್ದುದು ಎಲ್ಲರದೂ ಮುಗಿದು ಪಾತ್ರೆ ತೊಳೆಯುವ ಮುಂಚೆ, ನಿಂತುಕೊಂಡೇ. ಇಪ್ಪತ್ತು ವರ್ಷ ಹೀಗೆ ಬಡಿಸಿದ ಹನುಮಕ್ಕ ಈ ವರ್ಷ ವಯಸ್ಸಾಯಿತೆಂದು ಕೆಲಸ ಬಿಡುವವರಿದ್ದರು.

ಒಂದು ಬೀಳ್ಕೊಡುಗೆ ಮಾಡೋಣ, ಹಳೆಯ ಮಕ್ಕಳೆಲ್ಲ ಫೋನಿನಲ್ಲಿ ಎರಡು ಮಾತಾಡಿ ವಿಡಿಯೋ ಕಳಿಸಲಿ, ಅದನ್ನು ಜೋಡಿಸಿ ಟಿವಿಯಲ್ಲಿ ತೋರಿಸೋಣ ಎಂದು ತೀರ್ಮಾನವಾಯಿತು. ಜೋಡಿಸುವ ಹೊಣೆ ನನಗೆ ಬಂತು. ಲ್ಯಾಪ್‌ಟಾಪ್ ಇದೆ ಎನ್ನುವುದೇ ನನ್ನ ಅರ್ಹತೆ. ನನ್ನದೂ ಸೇರಿ ಐವತ್ತೆಂಟು ಕ್ಲಿಪ್ ಬಂದವು. ಮೊದಲ ನಾಲ್ಕನ್ನು ನೋಡುವಷ್ಟರಲ್ಲಿ ನನಗೆ ತಾಳ್ಮೆ ಮುಗಿಯಿತು. ಯಾರೂ ನೇರವಾಗಿ ವಿಷಯಕ್ಕೆ ಬರುವುದಿಲ್ಲ. "ಆನ್ ಆತೇನಲೇ?" ಎಂದು ಪಕ್ಕದವರನ್ನು ಕೇಳುತ್ತಾರೆ, ಆಮೇಲೆ "ಹನುಮಕ್ಕಾ, ಊಟ ಆತಾ?" ಎನ್ನುತ್ತಾರೆ, ಆಕೆ ಫೋನಿನೊಳಗಿಂದ ಉತ್ತರ ಕೊಡುವರೆಂಬಂತೆ ಸುಮ್ಮನಾಗುತ್ತಾರೆ. ಭಾಷಣ ಶುರುವಾಗುವುದು ಅದಾದ ಮೇಲೆ. ಕೊನೆಯಲ್ಲಿ ಒಂದು ಹೆಬ್ಬೆರಳು ಬಂದು ಪರದೆಯೆಲ್ಲ ಮುಚ್ಚುತ್ತದೆ. ಪ್ರಬಂಧಕ್ಕೆ ಪೀಠಿಕೆ ಉದ್ದವಾದರೆ ಅಂಕ ಕಡಿಯುವ ಮೇಷ್ಟ್ರು ನಾನು. ಇದನ್ನು ಹೇಗೆ ಸಹಿಸಲಿ?

ಪಿ.ಜೆ. ಬಡಾವಣೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿರುವ ಶೋಭಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಬಳಿ ಹೋಗಿ ಗೋಳು ತೋಡಿಕೊಂಡೆ. "ಒಂದೊಂದೇ ಯಾಕ ಕತ್ತರಿಸ್ತೀರಿ ಸಾರ್? ಎಲ್ಲಾನೂ ಸೆಲೆಕ್ಟ್ ಮಾಡ್ರಿ, ಒಂದರ ತುದಿ ಹಿಡಿದು ಎಳದ್ರ ಅಷ್ಟೂ ಒಟ್ಟಿಗೆ ಟ್ರಿಮ್ ಆಗ್ತಾವ" ಎಂದಳು. ಆ ಕ್ಷಣ ನನಗೆ ಆದ ಆನಂದವನ್ನು ಏನೆಂದು ಹೇಳಲಿ. ಜೀವಮಾನವಿಡೀ ನಾನು ಹುಡುಕುತ್ತಿದ್ದ ಗುಂಡಿ ಇದೇ. "ಆದ್ರ ಮೊದ್ಲು ಎಲ್ಲಾ ಒಂದ್ಸಲ ನೋಡಿಬಿಡ್ರಿ" ಎಂದು ಅವಳು ಸೇರಿಸಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮನೆಗೆ ಬಂದವನೇ ಎಲ್ಲದರ ತಲೆಯಿಂದ ಎಂಟು ಸೆಕೆಂಡು, ಬಾಲದಿಂದ ನಾಲ್ಕು ಸೆಕೆಂಡು ಹಾರಿಸಿದೆ. ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು.

ಬೀಳ್ಕೊಡುಗೆಯ ದಿನ ಹನುಮಕ್ಕ ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲೇ ನಾನು, ಹೊಗಳಿಕೆಗೆ ಸಿದ್ಧನಾಗಿ. ಟಿವಿಯಲ್ಲಿ ಒಬ್ಬರಾದ ಮೇಲೊಬ್ಬರು ಬಂದು "ನಿಮ್ಮ ಸೇವೆ ಅಪಾರ", "ನಿಮ್ಮ ಋಣ ತೀರಿಸಲಾಗದು" ಎಂದರು. ಲಾರಿ ಓಡಿಸುವ ತಿಪ್ಪೇಶ ಮಾತ್ರ ಒಂದು ಸಲ ಕಣ್ಣು ಮಿಟುಕಿಸಿ ಮಾಯವಾದ. ಅವನು ಆಡಿದ್ದೇ ಎಂಟು ಸೆಕೆಂಡು ಎಂದು ಆಮೇಲೆ ತಿಳಿಯಿತು. ಎಲ್ಲ ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಹನುಮಕ್ಕ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು: "ಭಾಳ ಚಂದ ಮಾತಾಡ್ಯಾರ್ರಿ ಸಾರ್. ದೊಡ್ಡೋರಾಗ್ಯಾರ. ಆದ್ರ ಒಬ್ರೂ ಊಟ ಆತಾ ಅಂತ ಕೇಳ್ಲಿಲ್ಲ ನೋಡ್ರಿ. ಹೋಗ್ಲಿ ಬಿಡ್ರಿ, ಅವರಿಗೂ ಕೆಲ್ಸ ಇರ್ತಾವ."

ಎಲ್ಲರೂ ಕೇಳಿದ್ದರು. ಕೇಳಿದ್ದನ್ನು ಕತ್ತರಿಸಿ ಎಸೆದವನು ಆಕೆಯ ಪಕ್ಕದಲ್ಲೇ ಕೂತಿದ್ದ. ಇಪ್ಪತ್ತು ವರ್ಷ ಅನ್ನ ಬಡಿಸಿದ ಹೆಂಗಸು, ಮಕ್ಕಳು ಮರೆತರು ಎಂದುಕೊಂಡು ಮನೆಗೆ ಹೋಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಎಲ್ಲರೂ ಊಟಕ್ಕೆ ಎದ್ದರು. ಅಂದು ಹನುಮಕ್ಕನನ್ನೂ ಪಂಕ್ತಿಯಲ್ಲಿ ಕೂರಿಸಿ ಮಕ್ಕಳೇ ಬಡಿಸುವುದೆಂದು ಮೊದಲೇ ಗೊತ್ತುಮಾಡಿದ್ದೆವು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಆಫೀಸ್ ರೂಮಿಗೆ ಓಡಿ ಶೋಭಾಳಿಗೆ ಫೋನ್ ಮಾಡಿದೆ.

"ಗಾಬರಿ ಬ್ಯಾಡ್ರಿ ಸಾರ್. ಕತ್ತರಿಸಿದ್ದು ಎಲ್ಲೂ ಹೋಗಿರಲ್ಲ. ಯೂನಿಫಾರಂ ಲಂಗದ ಅಂಚು ಒಳಗ ಮಡಚಿ ಹೊಲೀತಾರಲ್ಲ, ಹಂಗ ಒಳಗೇ ಐತೆ. ಮತ್ತೆ ಎಲ್ಲಾ ಸೆಲೆಕ್ಟ್ ಮಾಡಿ ಆ ಕಡೆ ಎಳೀರಿ."

ಎಳೆದೆ. ಐವತ್ತೆಂಟೂ ಒಟ್ಟಿಗೆ ಬಿಚ್ಚಿಕೊಂಡವು. ಆ ತಂತ್ರಾಂಶ ಬರೆದ ಪುಣ್ಯಾತ್ಮರು ಯಾವ ದೇಶದವರೋ, ಅವರ ಹೊಟ್ಟೆ ತಣ್ಣಗಿರಲಿ. ನನ್ನಂಥವರು ಹುಟ್ಟುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಈ ಸಲವೂ ನಾನು ಒಮ್ಮೆ ನೋಡಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಊಟ ಮುಗಿಸಿ ಬಂದವರಿಗೆ ವಿಡಿಯೋವನ್ನು ಮತ್ತೊಮ್ಮೆ ಹಾಕಿದೆ. "ಹನುಮಕ್ಕಾ, ಊಟ ಆತಾ?" ಎಂದಳು ನರ್ಸ್ ಆಗಿರುವ ರೇಖಾ. ಹನುಮಕ್ಕ ಕುರ್ಚಿಯಲ್ಲಿ ನೆಟ್ಟಗಾದರು. "ಆತವ್ವ, ಈಗ ಆತು" ಎಂದು ಟಿವಿಗೆ ಹೇಳಿದರು. ರೇಖಾ ಉತ್ತರಕ್ಕಾಗಿ ಬಿಟ್ಟಿದ್ದ ಜಾಗದಲ್ಲಿ ಆ ಮಾತು ಸರಿಯಾಗಿ ಕೂತಿತು. ಆಮೇಲೆ ತಿಪ್ಪೇಶ, "ಹನುಮಕ್ಕ, ಊಟ ಆತಾ? ಥ್ಯಾಂಕ್ಸ್" ಎಂದ. "ಆತಪ್ಪ. ನಿಧಾನ ಓಡ್ಸು." ಹೀಗೆ ಒಬ್ಬೊಬ್ಬರಿಗೂ, ಒಬ್ಬರನ್ನೂ ಬಿಡದೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಉತ್ತರ ಕೊಟ್ಟರು. ಒಟ್ಟಿಗೆ ಎಲ್ಲರಿಗೂ ಒಂದು ಉತ್ತರ ಎಂದು ಆಕೆಗೆ ಹೊಳೆಯಲೇ ಇಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು.

ಕೊನೆಯದು ನನ್ನ ಕ್ಲಿಪ್. ಸರ್ವಮಂಗಳ ಫೋನ್ ಹಿಡಿದು ತೆಗೆದದ್ದು. ಅದರ ತಲೆಯೂ ಮರಳಿ ಬಂದಿತ್ತು. ಟಿವಿಯ ತುಂಬ ನಾನು, ಇಸ್ತ್ರಿ ಅಂಗಿಯಲ್ಲಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದೇನೆ: "ಮಂಗಳಾ, ಹೊಟ್ಟೆ ಕಾಣ್ತೈತೇನೇ?"

"ಕಾಣ್ತೈತ್ರಿ ಸಾರ್" ಎಂದರು ಹನುಮಕ್ಕ, ಅದೇ ಪ್ರೀತಿಯಲ್ಲಿ.

ಶಾಲೆಗೆ ಶಾಲೆಯೇ ನಕ್ಕಿತು. ಆಕೆಯ ಸಾರಿನಿಂದಲೇ ಬೆಳೆದ ಹೊಟ್ಟೆ ಅದು. ನಗು ನಿಂತ ಮೇಲೆ, ತಡವಾಗಿಯಾದರೂ, ಆಕೆಯ ಮುಂದೆ ನಿಂತು, "ಊಟ ಆತಾ ಹನುಮಕ್ಕ?" ಎಂದೆ.

"ಆತ್ರಿ ಸಾರ್. ನಿಮ್ದು?"

ನನ್ನದು ಆಗಿರಲಿಲ್ಲ. ನನ್ನ ಮುಖ ನೋಡಿಯೇ ಆಕೆಗೆ ಗೊತ್ತಾಯಿತು. ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟು ಅಡುಗೆಮನೆಯ ಕಡೆ ಹೊರಟರು. ಇವತ್ತೊಂದು ದಿನವಾದರೂ ಬ್ಯಾಡ್ರಿ ಎನ್ನಬೇಕಿತ್ತು. ತಟ್ಟೆ ಹಿಡಿದುಕೊಂಡು ಆಕೆಯ ಹಿಂದೆಯೇ ಹೋದೆ.