ನೀಲಿ ಗುಂಡಿ ಕಾಣಬೇಕೋ ಬೇಡವೋ

ಬೀಗ ರಿಪೇರಿಯವನ ಬ್ಲಾಗಿಗೆ ಅವನ ಅಣ್ಣನ ಮಗಳು ಬೆಳಿಗ್ಗೆ ಬೆಳಿಗ್ಗೆಯೇ ಹಪ್ಪಳದಗಲದ ನೀಲಿ ಗುಂಡಿಯೊಂದನ್ನು ಅಂಟಿಸಿದಳು. ಕೆಳಗೆ ದಪ್ಪಕ್ಷರ: "ಈ ತಾಣ ವಿಕೇಂದ್ರಿತ ಜಾಲಕ್ಕೆ ತೆರೆದಿದೆ. ಎಲ್ಲಿಂದ ಬೇಕಾದರೂ ಒಳಗೆ ಬನ್ನಿ!"

"ಹಾಗಂದ್ರೇನಮ್ಮ?"

"ಯಜಮಾನ ಅಂತ ಒಬ್ಬರಿಲ್ಲದ ಜಾಲ, ಚಿಕ್ಕಪ್ಪ. ಗುಂಡಿ ಒತ್ತಿದವರ ಫೋನಿಗೆ ನೀವು ಬರೆದದ್ದೆಲ್ಲ ತಾನಾಗೇ ಹೋಗುತ್ತೆ."

ಅವನು ತಲೆಯಾಡಿಸಿದ. ಅರ್ಥವಾಗಿರಲಿಲ್ಲ.

ಹತ್ತು ಗಂಟೆಗೆ ಪಕ್ಕದಂಗಡಿಯ ದರ್ಜಿ ಓಡಿಬಂದ. "ಬೀಗದೋನು 'ಒಳಗೆ ಬನ್ನಿ' ಅಂತ ಬರೆಯೋದಾ? ಕಳ್ಳರು ಏನಂದ್ಕೋಬೇಕು?"

ಹುಡುಗಿ ಗುಂಡಿಯನ್ನು ಸಾಸಿವೆಯಷ್ಟಾಗಿಸಿದಳು. ಎದುರಂಗಡಿಯ ಕ್ಷೌರಿಕ ಕನ್ನಡಕ ಏರಿಸಿಕೊಂಡು ಬಂದ. "ಇಷ್ಟು ಸಣ್ಣದಾಗಿ ಏನೋ ಮುಚ್ಚಿಡ್ತಿದೀರಲ್ಲ!"

ಅವನ ಹಿಂದೆಯೇ ಬೀದಿ ಕೊನೆಯ ದೊಡ್ಡ ವಸತಿ ಕಟ್ಟಡದ ಕಾರ್ಯದರ್ಶಿ. ಅಲ್ಲಿನ ಎಂಬತ್ತು ಬಾಗಿಲಿಗೆ ಬೀಗ ಹಾಕುವ ಕೆಲಸಕ್ಕೆ ಸಂಜೆ ಸಹಿ ಹಾಕಬೇಕಾದವರು. "ಯಜಮಾನ ಇಲ್ಲದ ಜಾಲ ಅಂತೆ. ಹಾಗಾದ್ರೆ ಕೀ ಯಾರ ಹತ್ರ ಇರುತ್ತೆ?"

ಬೆಳಗಿನಿಂದ ಬೀಗದವನಿಗೂ ಅದೇ ಚಿಂತೆ. ಅಷ್ಟರಲ್ಲಿ ಮನೆಗೆ ಹೋಗಿದ್ದ ಹುಡುಗಿಗೆ ಫೋನ್ ಮಾಡಿದ. "ಗುಂಡಿ ಕಣ್ಣಿಗೇ ಬೀಳಬಾರದು!"

"ಆಯ್ತು, ಇನ್ನು ಕಾಣಲ್ಲ. ಆದ್ರೆ ಚಿಕ್ಕಪ್ಪ…"

ಅವನು ಫೋನ್ ಇಟ್ಟುಬಿಟ್ಟ.

ಮಧ್ಯಾಹ್ನ ಸಿಟ್ಟು ತಡೆಯದೆ ಬ್ಲಾಗಿನಲ್ಲಿ ಮೂವರನ್ನೂ ಹೆಸರು ಹೇಳದೆ ಝಾಡಿಸಿದ. ಒಬ್ಬನದು ತುಕ್ಕು ಹಿಡಿದ ನಾಲಿಗೆ, ಇನ್ನೊಬ್ಬನದು ಚಿಲಕವಿಲ್ಲದ ಬಾಯಿ. ಕಾರ್ಯದರ್ಶಿಯನ್ನು ಮನಸ್ಸಲ್ಲಿಟ್ಟು ಬರೆದದ್ದು: ಮೂರನೆಯವನದು ಕೀ ಕಳೆದುಹೋದ ಬೀಗದಂಥ ತಲೆ. ಗುಂಡಿಯೇ ಇಲ್ಲದ ಮೇಲೆ ಓದುವವರಾರು ಎಂಬ ಧೈರ್ಯ.

ಐದಕ್ಕೆ ಕಾರ್ಯದರ್ಶಿ ಬಂದರು. ಕೈಯಲ್ಲಿ ಪೆನ್ನಿಲ್ಲ, ಫೋನಿತ್ತು.

"ಓದಿದೆ."

ಬೀಗದವನು ಎದ್ದು ನಿಂತ. "ಗುಂಡಿ ತೆಗೆಸಿದ್ನಲ್ಲ, ಸಾರ್!"

"ಏನದು ಅಂತ ನೋಡೋಕೆ ಬೆಳಿಗ್ಗೆ ನಾವು ಮೂರೂ ಜನ ಒತ್ತಿದ್ವಿ. ಮರೆಯಾದ್ರೂ ಅದರ ಪಾಡಿಗದು ಕೆಲಸ ಮಾಡ್ತಿದೆ." ಅವರು ಹತ್ತಿರ ಬಾಗಿದರು. "ಕೀ ಕಳೆದ ಬೀಗದಂಥ ತಲೆ, ಆ ಕ್ಷೌರಿಕಂದೇ ತಾನೇ?"

"ಅದು… ಹೂಂ."

"ಅವನು ಅದು ದರ್ಜೀದು ಅಂತ ನಗ್ತಿದಾನೆ! ಎಂಥಾ ಬರವಣಿಗೆ ರೀ! ಇಂಥೋರನ್ನ ಬೀಗಕ್ಕೆ ಹಚ್ಚೋದು ಪಾಪ ಅನ್ನಿಸ್ತು. ಆ ಎಂಬತ್ತು ಬಾಗಿಲಿನ ಕೆಲಸ ಈಗಷ್ಟೇ ಬೇರೆಯವರಿಗೆ ಒಪ್ಪಿಸಿ ಬಂದೆ. ನಾಳೆಯಿಂದ ನಮ್ಮ ಕಟ್ಟಡದ ಬ್ಲಾಗು ನಿಮ್ಮದು. ಸಂಬಳ ಇಲ್ಲ, ಓದುಗರಿದಾರೆ!"